ನಾನೂರು ವರ್ಷದ ತೋಟದಲ್ಲಿ ನಾನೂರು ವರ್ಷದ್ದು ಯಾವುದು?

ಪ್ಯಾರಿಸ್‌ನ ಲಕ್ಸೆಂಬರ್ಗ್ ಉದ್ಯಾನವನ್ನು ಎಲ್ಲರೂ 17ನೇ ಶತಮಾನದ ತೋಟವೆಂದೇ ಪರಿಚಯಿಸುತ್ತಾರೆ. ಕೊಲೆಯಾದ ದೊರೆ ನಾಲ್ಕನೇ ಹೆನ್ರಿಯ ರಾಣಿ ಮರೀ ದ ಮೆಡಿಚಿ 1612ರಲ್ಲಿ ಲಕ್ಸೆಂಬರ್ಗ್ ಡ್ಯೂಕನಿಂದ ಈ ಜಾಗ ಕೊಂಡಳು. ತಾನು ಬೆಳೆದ ಫ್ಲಾರೆನ್ಸಿನ ಪಿಟ್ಟಿ ಅರಮನೆ, ಅದರ ಹಿಂದಿನ ಬೊಬೊಲಿ ತೋಟ ಅವಳ ಮನಸ್ಸಿನಲ್ಲಿದ್ದವು. ಸಾವಿರಗಟ್ಟಲೆ ಮರ ನೆಡಿಸಿ, 1615ರಿಂದ ಅರಮನೆ ಕಟ್ಟಿಸಿದಳು. ಇದೆಲ್ಲ ನಿಜ. ಆದರೆ ಗಿಡಮರಗಳ ಆಯುಷ್ಯ ಎಷ್ಟು, ಅವು ಹೇಗೆ ಸಾಯುತ್ತವೆ ಎಂದು ಬಲ್ಲವರಿಗೆ ಈ ಪರಿಚಯ ಓದಿದಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತದೆ. ಇವತ್ತು ಅಲ್ಲಿ ಕಣ್ಣಿಗೆ ಬೀಳುವುದರಲ್ಲಿ ಆ ರಾಣಿ ಕಂಡದ್ದು ಯಾವುದಾದರೂ ಉಳಿದಿದೆಯೇ? ಉಳಿದಿಲ್ಲವಾದರೆ ನಾವು ಹಳೆಯದು ಎಂದು ಕರೆಯುತ್ತಿರುವುದು ಯಾವುದನ್ನು?

ಹುಡುಕುತ್ತಾ ಹೋದರೆ ಒಂದೊಂದೇ ಕೈಬಿಡುತ್ತದೆ. ಮೊದಲು ಮರಗಳು. ರಾಣಿ ನೆಡಿಸಿದ್ದು 2,000 ಎಲ್ಮ್ ಮರಗಳನ್ನು. ಆಗಿನ ಫ್ರಾನ್ಸಿನಲ್ಲಿ ಸಾಲುಮರವೆಂದರೆ ಎಲ್ಮ್. ಬೇಗ ಬೆಳೆಯುತ್ತದೆ, ಎಷ್ಟು ಸವರಿದರೂ ಚಿಗುರುತ್ತದೆ, ಊರಿನ ಧೂಳು ತಡೆದುಕೊಳ್ಳುತ್ತದೆ. ಈಗ ಸಾಲುಗಳಲ್ಲಿ ನಿಂತಿರುವುದು ಹಾರ್ಸ್ ಚೆಸ್ಟ್‌ನಟ್, ಪ್ಲೇನ್, ಲಿಂಡೆನ್. ತೋಟದ ಎಲ್ಮ್‌ಗಳನ್ನು ಶತಮಾನಗಳು ಬದಲಿಸಿದವು. ಊರಿನ ಉಳಿದ ಎಲ್ಮ್‌ಗಳಲ್ಲಿ ಬಹುಪಾಲನ್ನು 1970ರ ದಶಕದಲ್ಲಿ ತೊಗಟೆಯ ದುಂಬಿ ಹೊತ್ತು ತಂದ ಶಿಲೀಂಧ್ರ ಮುಗಿಸಿತು. ಇನ್ನು ಅರಮನೆ. ಸಾಲೊಮೊನ್ ದ ಬ್ರೊಸ್ ಕಟ್ಟಿದ ಮೂಲ ಕಟ್ಟಡ ಇದೆ, ನಿಜ. ಆದರೆ ತೋಟದ ಕಡೆ ನಿಂತು ನೋಡುವವರಿಗೆ ಕಾಣುವ ಮುಖ 1836ರಿಂದ 1841ರ ನಡುವೆ ಅಲ್ಫೋನ್ಸ್ ದ ಝಿಸೋರ್ ಹಳೆಯ ಶೈಲಿಯಲ್ಲೇ ಮುಂದಕ್ಕೆ ಕಟ್ಟಿದ್ದು. ಅಂದರೆ ಕಟ್ಟಡವೇ ತೋಟದೊಳಕ್ಕೆ ಹೆಜ್ಜೆ ಇಟ್ಟಿದೆ. ಎಲ್ಲರ ಫೋಟೊದಲ್ಲೂ ಇರುವ ಉದ್ದ ನೋಟ, ಅಷ್ಟಕೋನದ ಕೊಳದಿಂದ ದಕ್ಷಿಣಕ್ಕೆ ವೀಕ್ಷಣಾಲಯದ ತನಕ ಚಾಚಿದ ಆ ನೇರ ಗೆರೆ, ರಾಣಿಗೆ ಸಿಕ್ಕಿರಲೇ ಇಲ್ಲ. ಅಲ್ಲಿ ಕಾರ್ತೂಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳ ಮಠವಿತ್ತು, ಅವರು ಜಾಗ ಬಿಡಲಿಲ್ಲ. ಹಾಗಾಗಿ ಅವಳ ತೋಟ ಪೂರ್ವ-ಪಶ್ಚಿಮಕ್ಕೆ ಹರಡಿಕೊಂಡಿತ್ತು. ಫ್ರೆಂಚ್ ಕ್ರಾಂತಿಯಲ್ಲಿ ಮಠದ ಭೂಮಿ ಸರ್ಕಾರದ ಪಾಲಾದ ಮೇಲೆಯೇ ವಾಸ್ತುಶಿಲ್ಪಿ ಶಾಲ್ಗ್ರಾಂ ದಕ್ಷಿಣದ ನೋಟವನ್ನು ತೆರೆದದ್ದು.

ಉಳಿಯುವುದು ಮೆಡಿಚಿ ಕಾರಂಜಿ. ಸುಮಾರು 1630ರಲ್ಲಿ ಇಟಲಿಯ ಗುಹೆ ಕಾರಂಜಿಗಳ ಮಾದರಿಯಲ್ಲಿ ಕಟ್ಟಿದ್ದು, ರಾಣಿಯ ಕಾಲದ್ದೇ. ಇದಾದರೂ ಹಳೆಯದಲ್ಲವೇ ಎಂದರೆ, ಇದರ ಕಥೆ ಇನ್ನೂ ವಿಚಿತ್ರ. ಅದು ಇದ್ದ ಜಾಗ ಈಗಿನದಲ್ಲ. 18ನೇ ಶತಮಾನದಲ್ಲಿ ಪಾಳುಬಿದ್ದಿದ್ದ ಅದನ್ನು ಶಾಲ್ಗ್ರಾಂ 1811ರಲ್ಲಿ ದುರಸ್ತಿ ಮಾಡಿಸಿ, ಖಾಲಿ ಗೂಡಿನಲ್ಲಿ ವೀನಸ್ ವಿಗ್ರಹ ಇರಿಸಿದ. 1860ರ ದಶಕದಲ್ಲಿ ಪ್ಯಾರಿಸ್ ನಗರವನ್ನು ಮರುರೂಪಿಸಿದ ಆಡಳಿತಗಾರ ಓಸ್ಮಾನನ ಹೊಸ ರಸ್ತೆಗಳು ತೋಟದ ಅಂಚು ಕತ್ತರಿಸಿದಾಗ ಕಾರಂಜಿ ಅಡ್ಡ ಬಂತು. ಝಿಸೋರ್ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿಸಿ ಸುಮಾರು 30 ಮೀಟರ್ ಅರಮನೆಯ ಕಡೆಗೆ ಸರಿಸಿ ಮತ್ತೆ ಜೋಡಿಸಿದ. ಮುಂದಿನ ಉದ್ದನೆಯ ಕೊಳ, ಅದರ ಎರಡು ದಡದ ಪ್ಲೇನ್ ಮರಗಳು, ಮರದಿಂದ ಮರಕ್ಕೆ ತೋರಣದಂತೆ ಇಳಿಬಿದ್ದ ಐವಿ ಬಳ್ಳಿ, ಇವೆಲ್ಲ ಆಗಿನ ಹೊಸ ಸೇರ್ಪಡೆ. ಗೂಡಿನಲ್ಲಿರುವ ದೊಡ್ಡ ಶಿಲ್ಪ, ಬಂಡೆಯ ಮೇಲಿಂದ ಬಗ್ಗಿ ಪ್ರೇಮಿಗಳಾದ ಏಸಿಸ್ ಮತ್ತು ಗಲಟೀಯರನ್ನು ನೋಡುವ ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯ ಪಾಲಿಫೀಮಸ್, ಒಗುಸ್ತ್ ಒತ್ತಾಂ ಕೆತ್ತಿ 1866ರಲ್ಲಿ ಇಟ್ಟದ್ದು. ಬಿಚ್ಚಿಟ್ಟ ಕಾರಂಜಿಗೆ ಹಿಂದೆ ಆನಿಸಿಕೊಳ್ಳಲು ಏನೂ ಇರಲಿಲ್ಲವಾದ್ದರಿಂದ ಬೆನ್ನಿಗೆ ಇನ್ನೊಂದು ಕಾರಂಜಿಯನ್ನೇ, ಬೇರೆ ಬೀದಿಯಿಂದ ತಂದ ಲೀಡಾ ಕಾರಂಜಿಯನ್ನು, ಅಂಟಿಸಿದರು. ಪ್ಯಾರಿಸ್‌ನ ಅತಿ ಪ್ರಶಾಂತ ಮೂಲೆ ಎಂದು ಜನ ಕೂರುವ ಜಾಗ ಹೀಗೆ ಒಂದು ರಸ್ತೆ ಕಾಮಗಾರಿಯ ಪರಿಣಾಮ. ನನಗೆ ಇದರಿಂದ ಆ ಜಾಗದ ಮೇಲಿನ ಪ್ರೀತಿ ಕಡಿಮೆಯಾಗುವುದಿಲ್ಲ. ಸ್ಥಳಾಂತರವನ್ನು ಇಷ್ಟು ಚೆನ್ನಾಗಿ ಮಾಡಿದ ಉದಾಹರಣೆಗಳು ವಿರಳ: ಹಳೆಯ ಕಲ್ಲಿಗೆ ಹೊಸ ಕೊಳ, ಹೊಸ ನೆರಳು ಕೊಟ್ಟು ಅದನ್ನು ಮೊದಲಿಗಿಂತ ಗಾಢವಾಗಿಸಿದ್ದಾರೆ.

ಹಾಗಾದರೆ ಹಳೆಯದಕ್ಕಾಗಿ ಬೇರೆ ಕಡೆ ನೋಡಬೇಕು. ನೆಲಕ್ಕೆ ಬೇರು ಬಿಟ್ಟದ್ದರಲ್ಲಿ ಅಲ್ಲ, ಕಲ್ಲಿನಲ್ಲೂ ಅಲ್ಲ.

ಪೆಟ್ಟಿಗೆಯಲ್ಲಿ ಬದುಕುವ ಮರಗಳು

ತೋಟದ ಪಶ್ಚಿಮ ಭಾಗದಲ್ಲಿ 1839ರಲ್ಲಿ ಕಟ್ಟಿದ ಆರೆಂಜರಿ, ಅಂದರೆ ಚಳಿ ತಡೆಯದ ಗಿಡಗಳನ್ನು ಚಳಿಗಾಲದಲ್ಲಿ ಇಡುವ ಕಟ್ಟಡ, ಇದೆ. ದಕ್ಷಿಣಕ್ಕೆ ಮುಖ ಮಾಡಿದ ಎತ್ತರದ ಗಾಜಿನ ಬಾಗಿಲುಗಳು, ಉತ್ತರಕ್ಕೆ ದಪ್ಪ ಗೋಡೆ. ಚಳಿಗಾಲದಲ್ಲಿ ಸುಮಾರು 180 ಪೆಟ್ಟಿಗೆ ಗಿಡಗಳು ಇದರೊಳಗೆ ಇರುತ್ತವೆ: ಖರ್ಜೂರ, ಕಣಗಿಲೆ, ದಾಳಿಂಬೆ, ಮತ್ತು ಕಹಿ ಕಿತ್ತಳೆ. ನಮ್ಮ ಊರಿನಲ್ಲಿ ಬೇಲಿಗೂ ರಸ್ತೆ ನಡುವಿನ ಪಟ್ಟಿಗೂ ಹಾಕುವ ಕಣಗಿಲೆ ಇಲ್ಲಿ ರಾಜಮರ್ಯಾದೆಯಿಂದ ಒಳಗೆ ಹೋಗಿ ಹೊರಗೆ ಬರುತ್ತದೆ. ಕಹಿ ಕಿತ್ತಳೆಗಳಲ್ಲಿ ಕೆಲವಕ್ಕೆ 250ರಿಂದ 300 ವರ್ಷ ಎಂದು ಅಂದಾಜು. ಅಂದರೆ ಅವು ತಾವು ಚಳಿಗಾಲ ಕಳೆಯುವ ಕಟ್ಟಡಕ್ಕಿಂತ ಹಿರಿಯವು.

ಸಿಹಿ ಕಿತ್ತಳೆ ಬಿಟ್ಟು ಕಹಿಯನ್ನೇ ಬೆಳೆಸಿದ್ದಕ್ಕೆ ಕಾರಣವಿದೆ. ಕಹಿ ಕಿತ್ತಳೆ ಚಳಿಯನ್ನು ಇನ್ನಷ್ಟು ತಡೆಯುತ್ತದೆ, ದೀರ್ಘಾಯುಷಿ, ಉರುಟಾಗಿ ಎಷ್ಟು ಕತ್ತರಿಸಿದರೂ ಹಳೆಯ ಮರದಿಂದಲೇ ಚಿಗುರೊಡೆಯುತ್ತದೆ. ಹೂವಿನ ಪರಿಮಳವಂತೂ ಇದ್ದೇ ಇದೆ. ಪೆಟ್ಟಿಗೆಯೂ ಸುಮ್ಮನೆ ಮರದ ಡಬ್ಬಿಯಲ್ಲ. ವರ್ಸೇ ಪೆಟ್ಟಿಗೆ ಎಂದು ಕರೆಯುವ ಇದರ ಚೌಕಟ್ಟು ಕಬ್ಬಿಣದ್ದು, ಪಕ್ಕಗಳು ಓಕ್ ಹಲಗೆಯವು. ಕೊಂಡಿ ಬಿಚ್ಚಿದರೆ ಪಕ್ಕದ ಹಲಗೆ ಕಳಚಿಕೊಳ್ಳುತ್ತದೆ. ಮರವನ್ನು ಎತ್ತದೆಯೇ ಬೇರನ್ನು ನೋಡಬಹುದು, ಮುಟ್ಟಬಹುದು, ಕತ್ತರಿಸಬಹುದು. ಒಂದು ಘನ ಮೀಟರ್ ಒದ್ದೆ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ ಎಂದು ಗೊತ್ತಿದ್ದವರಿಗೆ ಈ ವ್ಯವಸ್ಥೆಯ ಬೆಲೆ ತಿಳಿಯುತ್ತದೆ.

ಮಣ್ಣು ಬದಲಿಸುವ ಕೆಲಸ ಚಳಿಗಾಲ ಮುಗಿಯುತ್ತಾ ಬಂದಾಗ, ಹೊಸ ಚಿಗುರಿಗೆ ಮುಂಚೆ. ಪ್ರತಿ ವಸಂತದಲ್ಲಿ ಮೇಲಿನ ನಾಲ್ಕೈದು ಸೆಂಟಿಮೀಟರ್ ಮಣ್ಣನ್ನು ಕೆರೆದು ಹೊಸದು ಹಾಕಿದರೆ ಸಾಕು. ಕೆಲವು ವರ್ಷಕ್ಕೊಮ್ಮೆ ಅರ್ಧ ಬದಲಾವಣೆ: ಎದುರುಬದುರಿನ ಎರಡು ಹಲಗೆ ಬಿಚ್ಚಿ, ಗೋಡೆಯಂತೆ ಹೆಣೆದುಕೊಂಡ ಬೇರಿನ ಹೊರ ಪದರವನ್ನು ಒಂದು ಗೇಣಿನೊಳಗೆ ಹರಿತವಾದ ಸಲಿಕೆಯಿಂದ ಕೊಯ್ದು ತೆಗೆದು, ಜಾಗಕ್ಕೆ ಹೊಸ ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ಮರಳಿನ ಮಿಶ್ರಣವನ್ನು ಕೋಲಿನಿಂದ ಇರಿದು ಇರಿದು ತುಂಬುವುದು. ಉಳಿದ ಎರಡು ಪಕ್ಕದ ಸರದಿ ಮುಂದಿನ ಸಲ. ಇರಿದು ತುಂಬುವುದರಲ್ಲಿ ಸೋಮಾರಿತನ ಮಾಡಿದರೆ ಒಳಗೆ ಗಾಳಿಯ ಪೊಳ್ಳು ಉಳಿಯುತ್ತದೆ. ನೀರು ಆ ಪೊಳ್ಳಿನಲ್ಲೇ ಇಳಿದು ತಳದಿಂದ ಹೊರಟುಹೋಗುತ್ತದೆ. ಮೇಲಿನಿಂದ ನೋಡಿದವರಿಗೆ ನೀರು ಕೊಟ್ಟಂತೆ ಕಾಣುತ್ತದೆ, ನಡುವಿನ ಬೇರುಗಡ್ಡೆ ಮಾತ್ರ ಒಣಗಿ ಕೂತಿರುತ್ತದೆ. ಎಷ್ಟು ಬೇರು ತೆಗೆದರೋ ಅದಕ್ಕೆ ತಕ್ಕಂತೆ ತಲೆಯನ್ನೂ ಸವರಬೇಕು, ಇಲ್ಲದಿದ್ದರೆ ಎಲೆ ಕೇಳುವಷ್ಟು ನೀರನ್ನು ಬೇರು ಕೊಡಲಾರದು.

ಪೆಟ್ಟಿಗೆಗಳು ಹೊರಗೆ ಬರುವುದು ಮೇ ತಿಂಗಳಿನಲ್ಲಿ. ಪ್ಯಾರಿಸ್ ಸುತ್ತಿನ ತೋಟಗಾರರು ಮೇ 11, 12, 13ನ್ನು ಹಿಮಸಂತರ ದಿನಗಳು ಎನ್ನುತ್ತಾರೆ. ಮಳೆ ನಕ್ಷತ್ರಗಳನ್ನು ನೆಚ್ಚಿ ಬಿತ್ತುವ ಜನಕ್ಕೆ ಇದನ್ನು ವಿವರಿಸಬೇಕಿಲ್ಲ: ಆ ಮೂರು ಸಂತರ ದಿನ ದಾಟುವ ತನಕ ರಾತ್ರಿಯ ಇಬ್ಬನಿ ಹೆಪ್ಪುಗಟ್ಟಬಹುದು, ನಾಜೂಕಿನ ಗಿಡ ಹೊರಗಿಡಬೇಡಿ ಎಂಬ ನಂಬಿಕೆ. ಹೂಮಡಿಗಳ ಬೇಸಿಗೆ ಗಿಡಗಳೂ ಇದೇ ಲೆಕ್ಕದಲ್ಲಿ ನೆಲಕ್ಕೆ ಇಳಿಯುತ್ತವೆ. ಹೊರಗೆ ತರಲು ಮೋಡದ ದಿನ ಒಳ್ಳೆಯದು. ಆರು ತಿಂಗಳು ಮಬ್ಬು ಬೆಳಕಿಗೆ ಒಗ್ಗಿದ ಎಲೆಗೆ ನೇರ ಬಿಸಿಲು ಬಿದ್ದರೆ ಎರಡೇ ದಿನದಲ್ಲಿ ಬಿಳಿ ಸುಟ್ಟ ಕಲೆ. ಒಳಗೆ ಹೋಗುವುದು ಅಕ್ಟೋಬರ್‌ನಲ್ಲಿ, ಹೋಗುವ ಮುಂಚೆ ಎಲೆಯ ಅಡಿ ಪರೀಕ್ಷೆ ಆಗಲೇಬೇಕು. ಶಲ್ಕ ಕೀಟ ಒಂದು ಗಿಡದಲ್ಲಿದ್ದರೂ ಗಾಳಿಯಾಡದ ಒಳಾಂಗಣದಲ್ಲಿ ಫೆಬ್ರವರಿ ಹೊತ್ತಿಗೆ ಎಲ್ಲಕ್ಕೂ ಹಬ್ಬಿರುತ್ತದೆ, ಅದರ ಅಂಟಿನ ಮೇಲೆ ಕಪ್ಪು ಬೂಸು ಬಂದಿರುತ್ತದೆ.

ಚಳಿಗಾಲದ ಆರೈಕೆಯಲ್ಲಿ ದೊಡ್ಡ ತಪ್ಪು ಅತಿಯಾದ ಪ್ರೀತಿ. ಒಳಗೆ 5ರಿಂದ 8 ಡಿಗ್ರಿ ಇದ್ದರೆ ಸಾಕು. ಬೆಚ್ಚಗಿಟ್ಟರೆ ಮರ ವಸಂತ ಬಂತೆಂದು ಚಿಗುರುತ್ತದೆ, ಆದರೆ ಡಿಸೆಂಬರ್‌ನ ಪ್ಯಾರಿಸ್‌ನಲ್ಲಿ ಬೆಳಕೇ ಇರುವುದಿಲ್ಲ; ಬಿಳಿಚಿದ, ಉದ್ದುದ್ದ, ಬಲವಿಲ್ಲದ ಕೊಂಬೆ ಬರುತ್ತದೆ, ಮೇ ಗಾಳಿಗೆ ಮುರಿಯುತ್ತದೆ. ತಣ್ಣಗಿರುವ ಬೇರು ನೀರು ಹೀರುವುದಿಲ್ಲ, ಆದ್ದರಿಂದ ನೀರೂ ವಿರಳ. ಎಲೆ ಬಾಡಿತೆಂದು ಹೆದರಿ ನೀರು ಸುರಿದರೆ ಬೇರು ಕೊಳೆತು ಇನ್ನಷ್ಟು ಬಾಡುತ್ತದೆ, ಇನ್ನಷ್ಟು ನೀರು ಬೀಳುತ್ತದೆ. ಎಷ್ಟೋ ಪೆಟ್ಟಿಗೆ ಕಿತ್ತಳೆಗಳು ಸಾಯುವುದು ಹೀಗೇ. ಇನ್ನೊಂದು ತೊಂದರೆ ಊರಿನ ನೀರಿನದು. ಪ್ಯಾರಿಸ್ ನಿಂತಿರುವುದು ಸುಣ್ಣಕಲ್ಲಿನ ಮೇಲೆ, ನಲ್ಲಿ ನೀರಿನಲ್ಲೂ ಸುಣ್ಣ. ವರ್ಷಗಟ್ಟಲೆ ಅದನ್ನೇ ಹಾಕಿದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ಸಿಗುವುದಿಲ್ಲ, ನರ ಹಸಿರಾಗಿಯೇ ಇದ್ದು ಎಲೆ ಹಳದಿಯಾಗುತ್ತದೆ. ಮಳೆನೀರು ಅಥವಾ ಕಬ್ಬಿಣದ ಕೀಲೇಟ್, ಅಂದರೆ ಗಿಡ ಹೀರಬಲ್ಲ ರೂಪದ ಕಬ್ಬಿಣ, ಇದಕ್ಕೆ ಪರಿಹಾರ.

ಓಕ್ ಹಲಗೆ ಎಷ್ಟು ಗಟ್ಟಿಯಾದರೂ ಒದ್ದೆ ಮಣ್ಣಿಗೆ ತಾಗಿ ಕೆಲವು ದಶಕ ಬಾಳಬಹುದು ಅಷ್ಟೆ. 250 ವರ್ಷದ ಮರವೆಂದರೆ ಎಷ್ಟೋ ಪೆಟ್ಟಿಗೆಗಳನ್ನು ಸವೆಸಿದ ಮರ, ಎಷ್ಟೋ ಸಲ ಬೇರು ಕೊಯ್ಯಿಸಿಕೊಂಡ ಮರ. ನೆಲದಲ್ಲಿ ನೆಟ್ಟ ಎಲ್ಮ್‌ಗಳು ಹೋದವು, ನೆಲವೇ ಇಲ್ಲದ ಇವು ಉಳಿದವು. ವರ್ಷಕ್ಕೆರಡು ಸಲ ಯಾರಾದರೂ ಹೊತ್ತು ತಿರುಗಲೇಬೇಕಾದ್ದರಿಂದ ಇವುಗಳನ್ನು ಮರೆಯಲು ಯಾರಿಗೂ ಸಾಧ್ಯವಾಗಲಿಲ್ಲ ಎಂಬುದೇ ಇದರ ಗುಟ್ಟಿರಬೇಕು.

ಕಸಿ ಕಡ್ಡಿಯ ವಯಸ್ಸು

ಆದರೆ ನನ್ನ ಪ್ರಶ್ನೆಗೆ ಸರಿಯಾದ ಉತ್ತರ ತೋಟದ ನೈರುತ್ಯ ಮೂಲೆಯಲ್ಲಿದೆ. ಹೆಚ್ಚಿನವರು ಕೊಳ, ಹಸಿರು ಕುರ್ಚಿ, ಮಕ್ಕಳ ಹಾಯಿದೋಣಿ ನೋಡಿ ಮರಳುತ್ತಾರೆ. ಅಸ್ಸಾಸ್ ಬೀದಿಯ ಕಡೆಯ ಹಣ್ಣಿನ ತೋಟದ ತನಕ ಬರುವವರು ಕಡಿಮೆ. ಬೇಲಿಯಾಚೆ ತಂತಿಗೆ ಕಟ್ಟಿ ಬೆಳೆಸಿದ ಸೇಬು ಮತ್ತು ಪಿಯರ್, ಬೆಂಗಳೂರಿನವರು ಮರಸೇಬು ಎನ್ನುವ ಹಣ್ಣಿನ, ನೂರಾರು ಬಗೆಗಳಿವೆ. ರಾಣಿಗೆ ಜಾಗ ಬಿಟ್ಟುಕೊಡದ ಆ ಕಾರ್ತೂಸಿಯನ್ ಮಠದವರು 17ನೇ ಶತಮಾನದಲ್ಲಿ ಇಲ್ಲೇ ಒಂದು ಸಸ್ಯಪಾಲನೆ, ಅಂದರೆ ನರ್ಸರಿ, ಶುರುಮಾಡಿದರು. ಅವರ ಹಣ್ಣಿನ ಸಸಿಗಳಿಗೆ ಫ್ರಾನ್ಸಿನಾಚೆಯೂ ಬೇಡಿಕೆಯಿತ್ತು. ಕ್ರಾಂತಿಯಲ್ಲಿ ಮಠ ಹೋಯಿತು, ಸಸ್ಯಪಾಲನೆಯ ಕೆಲಸ ಬೇರೆಯವರ ಕೈಗೆ ಬಂತು. 1809ರಿಂದ ಹಣ್ಣಿನ ಮರಗಳ ಬಗ್ಗೆ ಸಾರ್ವಜನಿಕರಿಗೆ ಪಾಠ ಆರಂಭವಾಯಿತು. 1865ರ ಆದೇಶ ದಕ್ಷಿಣದ ದೊಡ್ಡ ಭಾಗವನ್ನು ಕಿತ್ತು ರಸ್ತೆ, ಕಟ್ಟಡಗಳಿಗೆ ಕೊಟ್ಟಾಗ ಊರಿನ ಜನ ಸಾವಿರಗಟ್ಟಲೆ ಸಹಿ ಹಾಕಿ ಪ್ರತಿಭಟಿಸಿದರು. ಸಸ್ಯಪಾಲನೆ ಉಳಿಯಲಿಲ್ಲ. ಈಗಿನ ಹಣ್ಣಿನ ತೋಟ ಅದರ ವಾರಸುದಾರ.

ಇದನ್ನು ಹಳೆಯದೆನ್ನಲು ಕಾರಣ ಕಸಿ. ಪಿಯರ್ ಬೀಜ ಬಿತ್ತಿದರೆ ತಾಯಿಯಂಥ ಹಣ್ಣು ಬರುವುದಿಲ್ಲ. ಬಾದಾಮಿ ಮಾವಿನ ಗಿಡ ಬೇಕೆಂದರೆ ನಾವು ಕಸಿ ಗಿಡವನ್ನೇ ತರುವಂತೆ, ಒಂದು ಪಿಯರ್ ತಳಿ ಬೇಕೆಂದರೆ ಆ ತಳಿಯ ಮರದ ಕಡ್ಡಿಯೇ ಬೇಕು. ಆ ಕಡ್ಡಿ ಇನ್ನೊಂದು ಮರದಿಂದ ಬಂದದ್ದು, ಅದು ಮತ್ತೊಂದರಿಂದ. ಹೀಗೆ ಹಿಂದೆ ಹೋದರೆ ಒಂದೇ ಒಂದು ಮೂಲ ಮರ. ಅಂದರೆ ಆ ತಳಿಯ ಎಲ್ಲ ಮರಗಳೂ ದೇಹದಿಂದ ಒಂದೇ. ಕಾಂಡಕ್ಕೆ ನಲವತ್ತು ವರ್ಷವಿರಬಹುದು, ಅದರ ಮೇಲಿರುವ ಜೀವಕ್ಕೆ ನಾನೂರು ವರ್ಷ. ಫ್ರೆಂಚರ ಹಳೆಯ ಚಳಿಗಾಲದ ಪಿಯರ್ ಬಾನ್ ಕ್ರೆತಿಯೆನ್ ರಾಣಿಯ ಕಾಲಕ್ಕಿಂತ ಹಿಂದಿನದು; ದುವಾಯೆನೆ ದು ಕೊಮಿಸ್ ಮಾತ್ರ ಹೊಸದು, 1849ರಲ್ಲಿ ಆಂಜೆಯಲ್ಲಿ ಮೊದಲ ಫಲ ಕೊಟ್ಟದ್ದು. ಹಳೆಯ ತಳಿಯೊಂದು ಬದುಕಿರುವುದಕ್ಕೆ ಒಂದೇ ಷರತ್ತು: ಪ್ರತಿ ತಲೆಮಾರಿನಲ್ಲೂ ಮರ ಸಾಯುವ ಮುಂಚೆ ಯಾರೋ ಒಬ್ಬರು ಕಡ್ಡಿ ಕೊಯ್ದಿರಬೇಕು. ಒಂದು ತಲೆಮಾರು ಬಿಟ್ಟರೂ ಅದು ಹೋದಂತೆಯೇ.

ಕೆಲಸದ ಕ್ರಮ ಹೀಗೆ. ಜನವರಿ, ಫೆಬ್ರವರಿಯಲ್ಲಿ ಮರ ನಿದ್ದೆಯಲ್ಲಿರುವಾಗ ಹಿಂದಿನ ವರ್ಷದ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಕೊಯ್ದು, ಹೆಸರಿನ ಚೀಟಿ ಕಟ್ಟಿ, ಉತ್ತರದ ಗೋಡೆಯ ನೆರಳಿನಲ್ಲಿ ತೇವದ ಮರಳಿನಲ್ಲಿ ಹೂತಿಡುವುದು. ಮಾರ್ಚ್ ಕೊನೆಗೆ ಬೇರುಗಿಡದಲ್ಲಿ, ಅಂದರೆ ಕಡ್ಡಿಯನ್ನು ಕಸಿ ಕಟ್ಟುವ ಬೇರುಳ್ಳ ಗಿಡದಲ್ಲಿ, ರಸ ಏರತೊಡಗುತ್ತದೆ, ಕಡ್ಡಿ ಇನ್ನೂ ಮಲಗಿರುತ್ತದೆ. ಈ ಅಂತರವೇ ಕಸಿಯ ಜೀವ. ಕಡ್ಡಿ ಮೊದಲೇ ಎಚ್ಚತ್ತರೆ ಬೆಸುಗೆಯಾಗುವ ಮುಂಚೆ ಎಲೆ ಬಿಟ್ಟು ಒಣಗುತ್ತದೆ. ತಪ್ಪಿದರೆ ಆಗಸ್ಟ್‌ನಲ್ಲಿ ಕಣ್ಣು ಕಸಿಗೆ ಇನ್ನೊಂದು ಅವಕಾಶವಿದೆ: ಬೇರುಗಿಡದ ತೊಗಟೆಯಲ್ಲಿ ಇಂಗ್ಲಿಷ್ 'ಟಿ' ಅಕ್ಷರದಂತೆ ಸೀಳಿ, ಒಂದೇ ಕಣ್ಣನ್ನು, ಅಂದರೆ ಮೊಗ್ಗನ್ನು, ಒಳಗೆ ಜಾರಿಸಿ ಬಿಗಿಯುವುದು.

ತಂತಿಯ ಮೇಲೆ ಬೆಳೆಸುವ ಪಿಯರ್ ಕುಳ್ಳಗಿರಬೇಕು, ಬೇಗ ಕಾಯಿ ಬಿಡಬೇಕು. ಅದಕ್ಕೆ ಬೇರುಗಿಡವಾಗಿ ಪಿಯರ್ ಅಲ್ಲ, ಅದರ ಸಂಬಂಧಿ ಕ್ವಿನ್ಸ್ ಬಳಸುತ್ತಾರೆ. ಕ್ವಿನ್ಸ್‌ಗೆ ಸುಣ್ಣದ ಮಣ್ಣು ಆಗಿಬರುವುದಿಲ್ಲ ಎಂಬುದು ಒಂದು ತಲೆನೋವು. ಎರಡನೆಯದು ಇನ್ನೂ ಕಷ್ಟದ್ದು: ಎಲ್ಲ ಪಿಯರ್‌ಗಳೂ ಕ್ವಿನ್ಸ್‌ಗೆ ಬೆಸೆಯುವುದಿಲ್ಲ. ಅಂಗಡಿಗಳಲ್ಲಿ ಹೆಚ್ಚು ಸಿಗುವ ವಿಲಿಯಮ್ಸ್ ಪಿಯರ್ ಕಸಿ ಹಿಡಿದಂತೆ ಕಂಡು, ಕೆಲವು ವರ್ಷವಾದ ಮೇಲೆ ಒಂದು ಬಿರುಗಾಳಿಗೆ ಜೋಡಣೆಯಲ್ಲೇ ಕಟ್ಟಿಗೆ ಕತ್ತರಿಸಿದಂತೆ ಮುರಿಯುತ್ತದೆ. ಆದ್ದರಿಂದ ನಡುವೆ ಎರಡಕ್ಕೂ ಒಗ್ಗುವ ಮೂರನೇ ತಳಿಯ ಒಂದು ತುಂಡು ಬೇಕು. ಆ ಕೆಲಸಕ್ಕೆ ಎಲ್ಲೆಡೆ ಬಳಸುವುದು ಬೊರೆ ಹಾರ್ಡಿ ಎಂಬ ಪಿಯರ್. ಹಾರ್ಡಿ ಎಂದರೆ 19ನೇ ಶತಮಾನದಲ್ಲಿ ಇದೇ ಲಕ್ಸೆಂಬರ್ಗ್ ತೋಟದ ಮುಖ್ಯಸ್ಥನಾಗಿದ್ದವನು. ಗುಲಾಬಿ ಬೆಳೆಸುವವರಿಗೆ ಅವನ ಹೆಸರು ಬೇರೆ ರೀತಿಯಲ್ಲಿ ಗೊತ್ತು: 1832ರಲ್ಲಿ ಅವನು ಇಲ್ಲಿ ಪಡೆದು ಹೆಂಡತಿಯ ಹೆಸರಿಟ್ಟ ಮದಾಮ್ ಹಾರ್ಡಿ, ಬಿಳಿ ಎಸಳುಗಳ ನಡುವೆ ಹಸಿರು ಗುಂಡಿಯಂಥ ಕಣ್ಣಿರುವ ಡಮಾಸ್ಕ್ ಗುಲಾಬಿ, ಇವತ್ತಿಗೂ ಹಲವು ದೇಶಗಳ ತೋಟಗಳಲ್ಲಿದೆ. ಆ ಗುಲಾಬಿಯೂ ಕಡ್ಡಿಯಿಂದ ಕಡ್ಡಿಗೆ ಬಂದದ್ದೇ. ತೋಟದ ಒಬ್ಬ ನೌಕರನ ಹೆಸರು ರಾಣಿಯ ಕಲ್ಲಿನ ಕಾರಂಜಿಗಿಂತ ಹೆಚ್ಚು ಊರು ತಲುಪಿದೆ. ಇದರಲ್ಲಿ ನನಗೆ ದೊಡ್ಡ ಸಂತೋಷವಿದೆ.

ಇನ್ನು ಆಕಾರ. ಮೇಣದಬತ್ತಿಯ ಸ್ಟ್ಯಾಂಡಿನಂತೆ ಕೊಂಬೆಗಳು ಅಡ್ಡ ಹೊರಟು ಮೇಲಕ್ಕೆ ತಿರುಗಿ ಸಮಾನಾಂತರವಾಗಿ ನಿಲ್ಲುವ ಆಕೃತಿಗೆ ವೆರಿಯೆ ಪಾಲ್ಮೆಟ್ ಎನ್ನುತ್ತಾರೆ. ಪಿಯರ್‌ಗೆ ನೆಟ್ಟಗಿನ ಕೊಂಬೆಗಳ ನಡುವೆ ಸುಮಾರು 30 ಸೆಂಟಿಮೀಟರ್ ಅಂತರ. ಒಂದು ವರ್ಷಕ್ಕೆ ಒಂದೇ ಅಂತಸ್ತು, ಅದೂ ಕೆಳಗಿನಿಂದ, ಹೊರಗಿನಿಂದ. ಅವಸರಪಟ್ಟು ಎರಡು ಅಂತಸ್ತು ಒಟ್ಟಿಗೆ ಎಬ್ಬಿಸಿದರೆ ರಸವೆಲ್ಲ ಮೇಲಿನ ಕೊಂಬೆಗೆ ನುಗ್ಗುತ್ತದೆ, ಕೆಳಗಿನದು ಎಂದೆಂದಿಗೂ ಸೊರಗಿದಂತೆಯೇ. ಎಡ ಕೊಂಬೆ ಬಲಕ್ಕಿಂತ ದಪ್ಪವಾಯಿತೆಂದರೆ ಅದನ್ನು ಇನ್ನಷ್ಟು ಬಗ್ಗಿಸಿ ಕಟ್ಟಿ, ಬಡವಾದದ್ದನ್ನು ಕೆಲವು ತಿಂಗಳು ಬಿಚ್ಚಿ ನೆಟ್ಟಗೆ ಬಿಡುತ್ತಾರೆ. ಬೇಕಾದ ಜಾಗದಲ್ಲಿ ಕಣ್ಣು ಮಲಗಿದ್ದರೆ ಅದರ ಮೇಲ್ಭಾಗದ ತೊಗಟೆಗೆ ಸಣ್ಣ ಗಾಯ ಮಾಡಿದರೆ ಎದ್ದೇಳುತ್ತದೆ. ಕೆಳಗೆ ಗಾಯ ಮಾಡಿದರೆ ಸೋಲುತ್ತದೆ. ಚೌಕಟ್ಟು ಮುಗಿದ ಮೇಲೆ ಚಳಿಗಾಲದಲ್ಲಿ ಪಕ್ಕದ ಚಿಗುರುಗಳನ್ನು ಮೂರು ಕಣ್ಣಿಗೆ ಕತ್ತರಿಸುವುದು. ತುದಿಯ ಕಣ್ಣು ರಸ ಎಳೆದುಕೊಂಡು ಕೊಂಬೆಯಾಗುತ್ತದೆ, ಬುಡದ ಎರಡಕ್ಕೆ ಮಿತವಾಗಿ ಸಿಕ್ಕು ನಿಧಾನವಾಗಿ ಹೂಮೊಗ್ಗಾಗುತ್ತವೆ. ಗೊಬ್ಬರ ಹೆಚ್ಚಿದ ಮರದಲ್ಲಿ ಮೂರೂ ಕೊಂಬೆಯೇ ಆಗಿಬಿಡುತ್ತವೆ. ಎಷ್ಟು ಕತ್ತರಿಸಿದರೂ ಮರ ಸಿಟ್ಟಿಗೆದ್ದಂತೆ ಚಿಗುರುತ್ತಲೇ ಇದ್ದರೆ ಕತ್ತರಿಯನ್ನಲ್ಲ, ಗೊಬ್ಬರವನ್ನು ಸಂಶಯಿಸಬೇಕು.

ಪಿಯರ್ ತನ್ನದೇ ತಳಿಯ ಪರಾಗಕ್ಕೆ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ, ಪಕ್ಕದಲ್ಲಿ ಬೇರೆ ತಳಿ ಬೇಕು. ಅದರ ಮಕರಂದದಲ್ಲಿ ಸಕ್ಕರೆ ಕಡಿಮೆಯಾದ್ದರಿಂದ ಜೇನುಗಳು ಒಲ್ಲದ ಮನಸ್ಸಿನಿಂದಲೇ ಬರುತ್ತವೆ. ಇಲ್ಲಿ ಜೇನಿಗೆ ಬರವಿಲ್ಲ: ಆನ್ರಿ ಹಾಮೆ 1856ರಲ್ಲಿ ಆರಂಭಿಸಿದ ಜೇನು ಸಾಕಣೆ ಶಾಲೆಯ ಪೆಟ್ಟಿಗೆಗಳು ಹಣ್ಣಿನ ತೋಟದ ಪಕ್ಕದಲ್ಲೇ ಇವೆ.

ಜೂನ್‌ನಲ್ಲಿ ಹೋದವರಿಗೆ ಮರದ ತುಂಬ ಕಾಗದದ ಚೀಲಗಳು ಕಾಣುತ್ತವೆ. ಮರವೇ ತನಗೆ ಹೆಚ್ಚಾದ ಕಾಯಿ ಉದುರಿಸಿದ ಮೇಲೆ, ಗೊಂಚಲಿಗೆ ಒಂದನ್ನು ಉಳಿಸಿ ಮಿಕ್ಕದ್ದು ಕಿತ್ತು, ಉಳಿದದ್ದಕ್ಕೆ ಚೀಲ ಹಾಕಿ ತೊಟ್ಟಿನ ಬಳಿ ಕಟ್ಟುತ್ತಾರೆ. ಕಾಯಿ ಕೊರೆಯುವ ಕಾಡ್ಲಿಂಗ್ ಪತಂಗ ಮೊಟ್ಟೆಯಿಡದಿರಲಿ, ಸಿಪ್ಪೆ ನಯವಾಗಲಿ ಎಂದು. ತಡಮಾಡಿದರೆ ಮೊಟ್ಟೆ ಆಗಲೇ ಇಟ್ಟಾಗಿರುತ್ತದೆ, ಚೀಲ ಹುಳುವಿಗೇ ಮನೆಯಾಗುತ್ತದೆ. ಬಣ್ಣ ಬೇಕಾದ ಸೇಬಿಗೆ ಕೊಯ್ಲಿಗೆ ಒಂದೆರಡು ವಾರ ಮುಂಚೆ ಚೀಲ ಬಿಚ್ಚುತ್ತಾರೆ. ಪಿಯರ್ ಮರದಲ್ಲೇ ಹಣ್ಣಾದರೆ ಒಳಗಿನಿಂದ ಕೊಳೆಯುತ್ತದೆ, ಆದ್ದರಿಂದ ಕಾಯಿಯನ್ನು ಅಂಗೈಯಲ್ಲಿ ಹಿಡಿದು ಅಡ್ಡಕ್ಕೆ ಎತ್ತಿ ನೋಡುತ್ತಾರೆ; ತೊಟ್ಟು ತಾನಾಗಿ ಬಿಟ್ಟುಕೊಟ್ಟರೆ ಕೊಯ್ಲಿಗೆ ಬಂತು. ಮುಂದಿನದು ತಂಪು ಕೋಣೆಯ ಕೆಲಸ. ಹಣ್ಣಿನಲ್ಲಿ ಒಂದು ಪಾಲು ಅರಮನೆಯಲ್ಲಿರುವ ಸೆನೆಟ್‌ಗೆ (ಫ್ರಾನ್ಸಿನ ಸಂಸತ್ತಿನ ಮೇಲ್ಮನೆ), ಒಂದು ಪಾಲು ಹಸಿದವರಿಗೆ ಊಟ ಕೊಡುವ ಸಂಸ್ಥೆಗಳಿಗೆ ಹೋಗುತ್ತದೆ.

ಸಾಲಿನಲ್ಲಿ ಒಂದು ಮರ ಸತ್ತಾಗ

ಇಷ್ಟು ನೋಡಿದ ಮೇಲೆ ಚೆಸ್ಟ್‌ನಟ್ ಸಾಲುಗಳಿಗೆ ಮರಳಿದರೆ ಅಲ್ಲಿನ ಕಷ್ಟ ಬೇರೆಯಾಗಿ ಕಾಣುತ್ತದೆ. ಜುಲೈ ಕೊನೆಗೇ ಅವುಗಳ ಎಲೆ ಕಂದಾಗಿರುವುದನ್ನು ಪ್ರವಾಸಿಗಳು ಬೇಗ ಬಂದ ಶರತ್ಕಾಲ ಎಂದುಕೊಳ್ಳುತ್ತಾರೆ. ಅದು ರಂಗೋಲಿ ಹುಳು. 1980ರ ದಶಕದಲ್ಲಿ ಮ್ಯಾಸಿಡೋನಿಯಾದ ಒಹ್ರಿಡ್ ಸರೋವರದ ಬಳಿ ಗುರುತಿಸಲ್ಪಟ್ಟು, ಇಪ್ಪತ್ತು ವರ್ಷದೊಳಗೆ ಯುರೋಪಿನ ಬಹುಭಾಗಕ್ಕೆ ಹರಡಿತು. ಈ ಮರದ ಮೂಲವೂ ಅದೇ ಬಾಲ್ಕನ್ ಬೆಟ್ಟಗಳು. ಹುಳು ಎಲೆಯ ಎರಡು ಪದರಗಳ ನಡುವೆ ತಿನ್ನುತ್ತಾ ಹೋಗುತ್ತದೆ, ವರ್ಷಕ್ಕೆ ಮೂರು ಪೀಳಿಗೆ. ಚಳಿಗಾಲವನ್ನು ಕೋಶವಾಗಿ ಬಿದ್ದ ಎಲೆಯೊಳಗೇ ಕಳೆಯುತ್ತದೆ. ಹಾಗಾಗಿ ಅತಿ ಪರಿಣಾಮಕಾರಿ ಔಷಧ ಪೊರಕೆ: ಶರತ್ಕಾಲದಲ್ಲಿ ಬಿದ್ದ ಪ್ರತಿ ಎಲೆಯನ್ನೂ ಗುಡಿಸಿ ಒಯ್ಯಬೇಕು, ಕಾಂಪೋಸ್ಟ್ ಮಾಡುವುದಾದರೆ ರಾಶಿಯ ನಡುವೆ ಕೋಶ ಸಾಯುವಷ್ಟು ಬಿಸಿ ಏರಬೇಕು. ಪಕ್ಕದ ಬೀದಿಯಲ್ಲಿ ಗುಡಿಸದಿದ್ದರೆ ಅಲ್ಲಿಂದ ಮತ್ತೆ ಬರುತ್ತದೆ. ಹುಳುವೊಂದೇ ಮರವನ್ನು ಕೊಲ್ಲುವುದಿಲ್ಲ, ಆದರೆ ಸಾವಿರಾರು ಕಾಲುಗಳು ತುಳಿದು ಗಟ್ಟಿಯಾದ ನೆಲದಲ್ಲಿ ಬೇರು ಉಸಿರಾಡದೆ ನಿಂತ ಮರಕ್ಕೆ ಅರ್ಧ ಬೇಸಿಗೆಯ ಊಟ ತಪ್ಪುತ್ತದೆ. 2019ರ ಜುಲೈ 25ರಂದು ಪ್ಯಾರಿಸ್‌ನಲ್ಲಿ 42.6 ಡಿಗ್ರಿ ದಾಖಲಾಯಿತು. ತಂಪು ಬೆಟ್ಟದ ಮರಕ್ಕೆ ಅದು ಯಾವ ಲೆಕ್ಕದಲ್ಲೂ ಹೊಂದುವ ಹವೆಯಲ್ಲ.

ಕಾಡಿನಲ್ಲಿ ಮರವೊಂದು ಸತ್ತರೆ ಬೆಳಕಿನ ಕಿಂಡಿ. ನೇರ ಸಾಲಿನ ತೋಟದಲ್ಲಿ ಗೆರೆಯೇ ತುಂಡಾಗುತ್ತದೆ. ಆ ಒಂದು ಗುಂಡಿಯಲ್ಲಿ ಸಸಿ ನೆಟ್ಟರೆ ಎರಡು ಪಕ್ಕದ ದೊಡ್ಡ ಮರಗಳು ಬೆಳಕನ್ನೂ ನೀರನ್ನೂ ಕಸಿಯುತ್ತವೆ. ಹಳೆಯ ಗುಂಡಿಯ ಮಣ್ಣಿನಲ್ಲಿ ಸತ್ತ ಬೇರಿನ ಜೊತೆ ಬೇರು ಕೊಳೆಸುವ ಅಣಬೆ ಕಾಯುತ್ತಿರುತ್ತದೆ. ಸಸಿ ಬೆಳಕಿಗಾಗಿ ಓರೆಯಾಗಿ ಚಾಚುತ್ತದೆ, ಇಪ್ಪತ್ತು ವರ್ಷವಾದರೂ ಜೊತೆಗಾರರ ಎತ್ತರ ಮುಟ್ಟುವುದಿಲ್ಲ. ಮರದ ಕಿರೀಟಗಳನ್ನು ಪರದೆಯಂತೆ ಒಂದೇ ಸಮತಟ್ಟಿಗೆ ಸವರುವ ಸಾಲಿನಲ್ಲಿ ಈ ಕುಂದು ಹಲ್ಲು ಉದುರಿದ ಹಾಗೆ ಕಾಣುತ್ತದೆ. ಇದಕ್ಕೆ ಸರಿಯಾದ ದಾರಿ, ನನ್ನ ಅಭಿಪ್ರಾಯದಲ್ಲಿ, ಒಂದು ಭಾಗವನ್ನು ಪೂರ್ತಿ ತೆಗೆದು, ಮಣ್ಣು ಆಳಕ್ಕೆ ಬದಲಿಸಿ, ಒಂದೇ ವಯಸ್ಸಿನ ಸಸಿಗಳನ್ನು ಒಟ್ಟಿಗೆ ನೆಡುವುದು. ಮುಂದಿನ ಭಾಗಕ್ಕೆ ಹತ್ತು ಹದಿನೈದು ವರ್ಷ ಕಾಯುವುದು. ಹಸಿರಾಗಿಯೇ ಇರುವ ಕೆಲವು ಮರಗಳೂ ಅದರಲ್ಲಿ ಹೋಗುತ್ತವೆ. ಜನ ನೊಂದುಕೊಳ್ಳುತ್ತಾರೆ, ನೋವು ಸಹಜವೂ ಹೌದು. ಆದರೆ ಒಂದೊಂದಾಗಿ ತೇಪೆ ಹಾಕಿದ ಸಾಲು ಕೊನೆಗೆ ಸಾಲಾಗಿ ಉಳಿಯುವುದಿಲ್ಲ, ಒಳ್ಳೆಯ ಮರಗಳಾಗಿಯೂ ಬೆಳೆಯುವುದಿಲ್ಲ.

ಮತ್ತೆ ಚೆಸ್ಟ್‌ನಟ್ಟನ್ನೇ ನೆಡಬೇಕೇ ಎಂಬುದು ಇನ್ನೊಂದು ಪ್ರಶ್ನೆ. ಗೆರೆ, ಅಂತರ, ಎತ್ತರ ಉಳಿದರೆ ಜಾತಿ ಬದಲಾಗಬಹುದು. ಎಲ್ಮ್ ಹೋಗಿ ಚೆಸ್ಟ್‌ನಟ್ ಬಂದಾಗಲೂ ಆದದ್ದು ಅದೇ. ಬರ ತಡೆಯುವ ಮೆಡಿಟರೇನಿಯನ್ ಕಡೆಯ ಮರಗಳನ್ನು ಪರೀಕ್ಷಿಸಬೇಕು. ಒಂದೇ ಜಾತಿಯಿಂದ ಇಡೀ ತೋಟ ತುಂಬಬಾರದು ಎಂಬ ಪಾಠವನ್ನು ಎಲ್ಮ್‌ಗಳು ಕಲಿಸಿವೆ. ಹಣ್ಣಿನ ತೋಟಕ್ಕೆ ಮಾತ್ರ ಈ ಸ್ವಾತಂತ್ರ್ಯವಿಲ್ಲ. ಚಳಿಗಾಲ ಬೆಚ್ಚಗಾದಂತೆ ಪಿಯರ್ ಬೇಗ ಹೂ ಬಿಡುತ್ತಿದೆ, ಏಪ್ರಿಲ್‌ನ ಒಂದು ರಾತ್ರಿ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗಿಳಿದರೆ ಆ ವರ್ಷದ ಫಲ ಮುಗಿಯಿತು. ಅಲ್ಲಿ ತಳಿ ಬದಲಿಸುವುದೆಂದರೆ ಸಂಗ್ರಹವನ್ನೇ ಕಳೆದುಕೊಳ್ಳುವುದು. ಪ್ರತಿ ತಳಿಯ ಎರಡನೇ ಪ್ರತಿಯನ್ನು ಇನ್ನಷ್ಟು ತಂಪಾದ, ಇನ್ನಷ್ಟು ದೂರದ ಯಾವುದಾದರೂ ತೋಟದಲ್ಲಿ ಕಸಿ ಮಾಡಿಡುವುದು ಈ ದಶಕದ ತುರ್ತು. ಕಡ್ಡಿ ಕೊಯ್ಯುವ ಕಾಲ ಜನವರಿ, ಫೆಬ್ರವರಿ. ನೋಡಬೇಕೆಂದಿರುವವರು ಪ್ಯಾರಿಸ್‌ಗೆ ಆಗಲೇ ಹೋಗಲಿ. ಅಸ್ಸಾಸ್ ಬೀದಿಯ ಕಡೆಯ ಬೇಲಿಯ ಬಳಿ ನಿಂತರೆ ಎಲೆಯಿಲ್ಲದ ಪಾಲ್ಮೆಟ್‌ಗಳ ಲೆಕ್ಕಾಚಾರ, ಯಾವ ಕೊಂಬೆ ಯಾವ ವರ್ಷದ್ದು ಎಂಬುದರ ಸಮೇತ, ಸ್ಪಷ್ಟವಾಗಿ ಓದಲು ಸಿಗುತ್ತದೆ.